ಮೂಳೆ ಕೂತ ಮೇಲೆ ನೇಲ್: ಎಡ ಸೊಂಟದ ಒಂದು ಮುರಿತದ ಪ್ರಕರಣ ಅಧ್ಯಯನ

ರೋಗಿ 74 ವರ್ಷದ ಮಹಿಳೆ, ಬೆಂಗಳೂರಿನ ಹನುಮಂತನಗರದವರು. ಎತ್ತರ 148 ಸೆಂ.ಮೀ., ತೂಕ 46 ಕೆ.ಜಿ. ಬೆಳಗ್ಗೆ ಆರರ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ಎತ್ತಿಕೊಳ್ಳುವಾಗ ಒದ್ದೆಯಾಗಿದ್ದ ಗ್ರಾನೈಟ್ ಮೆಟ್ಟಿಲ ಮೇಲೆ ಜಾರಿ ಎಡಮಗ್ಗುಲಿಗೆ ಬಿದ್ದರು. ಏಳಲು ಆಗಲಿಲ್ಲ. ಮನೆಯವರು ಮೊದಲು ಆಟೋದಲ್ಲಿ ಕೂರಿಸಲು ನೋಡಿದರು. ಕಾಲು ಅಲುಗಿದ ಕೂಡಲೇ ಅವರು ಚೀರಿದ್ದರಿಂದ ಅದನ್ನು ಬಿಟ್ಟು 108ಕ್ಕೆ ಕರೆ ಮಾಡಿದರು. ಅಕ್ಕಪಕ್ಕದವರಲ್ಲಿ ಒಬ್ಬರು ಪುತ್ತೂರು ಕಟ್ಟು ಹಾಕಿಸಿ ಅಂದರು, ಇನ್ನೊಬ್ಬರು ಎಣ್ಣೆ ನೀವಿ ಅಂದರು. ಎರಡೂ ನಡೆಯಲಿಲ್ಲ, ಆದರೆ ಈ ಚರ್ಚೆಯಲ್ಲೇ ಎರಡು ಗಂಟೆ ಕಳೆಯಿತು.

ಆಸ್ಪತ್ರೆ ತಲುಪಿದಾಗ ಎಡಗಾಲು ಗಿಡ್ಡವಾಗಿ, ಪಾದ ಪೂರ್ತಿ ಹೊರಕ್ಕೆ ವಾಲಿ ಹಾಸಿಗೆಗೆ ತಾಗಿತ್ತು. ಎಕ್ಸ್-ರೇಗೆ ಮೊದಲೇ ಇದು ಸೊಂಟದ ಮುರಿತ ಎಂದು ಗೊತ್ತಾಗುವ ಚಿತ್ರ. ಪಾದದ ನಾಡಿ ಮತ್ತು ಸ್ಪರ್ಶ ಚೆನ್ನಾಗಿದ್ದವು.

ಮುರಿದದ್ದು ಎಲ್ಲಿ ಎಂಬುದೇ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. ಕೀಲಿನ ಚೀಲದೊಳಗೆ, ತೊಡೆಮೂಳೆಯ ಕತ್ತಿನಲ್ಲಿ ಮುರಿದಿದ್ದರೆ, ಕೀಲಿನಲ್ಲಿ ಕೂರುವ ಆ ಮೂಳೆಯ ದುಂಡನೆಯ ತಲೆಗೆ, ಅಂದರೆ ಗುಂಡಿನ ಭಾಗಕ್ಕೆ, ರಕ್ತ ಒಯ್ಯುವ ಸಣ್ಣ ನಾಳಗಳು ಹರಿದು, ಈ ವಯಸ್ಸಿನಲ್ಲಿ ಗುಂಡನ್ನೇ ಬದಲಿಸುವ ಮಾತು ಬರುತ್ತಿತ್ತು. ಇಲ್ಲಿ ಮುರಿದದ್ದು ಚೀಲದ ಹೊರಗೆ, ಕತ್ತಿನ ಬುಡದಲ್ಲಿರುವ ಎರಡು ಮೂಳೆ ಉಬ್ಬುಗಳಾದ ದೊಡ್ಡ ಮತ್ತು ಸಣ್ಣ ಟ್ರೋಕ್ಯಾಂಟರ್‌ಗಳ ನಡುವೆ. ಆ ಭಾಗದ ಮೂಳೆ ಸ್ಪಂಜಿನಂತಿದ್ದು ರಕ್ತ ಸಂಚಾರ ಧಾರಾಳವಾಗಿದೆ. ಕೂಡಿಕೊಳ್ಳುವುದು ಅಲ್ಲಿ ಕಷ್ಟವಲ್ಲ, ಸರಿಯಾದ ಕೋನದಲ್ಲಿ ಕೂಡಿಕೊಳ್ಳುವುದು ಕಷ್ಟ. ಆದ್ದರಿಂದ ಈ ಪ್ರಕರಣದ ಉದ್ದಕ್ಕೂ ಎದುರಾದದ್ದು ಭಾರ ಮತ್ತು ಆಧಾರದ ಲೆಕ್ಕ.

ಸಣ್ಣ ಟ್ರೋಕ್ಯಾಂಟರ್ ಬೇರೆ ತುಂಡಾಗಿ ಒಳಮಗ್ಗುಲಿನ ಆಧಾರ ಹೋಗಿತ್ತು, ಹಿಂಭಾಗವೂ ಪುಡಿಯಾಗಿತ್ತು. ಮುರಿತಗಳನ್ನು ವಿಂಗಡಿಸುವ ಎಒ ವರ್ಗೀಕರಣದಲ್ಲಿ ಇದು 31-ಎ2, ಅಂದರೆ ಅಸ್ಥಿರ ಮುರಿತ. ಹೊರಗೋಡೆಯ ದಪ್ಪವನ್ನೂ ಅಳೆಯಲಾಯಿತು. ದೊಡ್ಡ ಟ್ರೋಕ್ಯಾಂಟರ್‌ನ ಹೊರ ಉಬ್ಬಿನಿಂದ 3 ಸೆಂ.ಮೀ. ಕೆಳಗೆ ಗುರುತು ಮಾಡಿ, ಅಲ್ಲಿಂದ 135 ಡಿಗ್ರಿ ಕೋನದಲ್ಲಿ ಮೇಲಕ್ಕೆ ಮುರಿತದ ಗೆರೆಯವರೆಗೆ ಎಳೆದ ಅಳತೆ ಇದು. ಇಲ್ಲಿ 18 ಮಿ.ಮೀ. ಬಂತು. 20.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಮೂಳೆಯ ಹೊರಗೆ ಪ್ಲೇಟ್ ಕೂರಿಸುವ ಡಿಎಚ್‌ಎಸ್‌ನ ಸ್ಕ್ರೂಗೆ ದಪ್ಪ ರೀಮರ್ (ಕೊರೆಯುವ ಸಲಕರಣೆ) ಹಾಕುವಾಗ ಅಥವಾ ಆಮೇಲೆ ಆ ಗೋಡೆ ಒಡೆಯುವ ಸಾಧ್ಯತೆ ಹೆಚ್ಚು. ಒಡೆದರೆ ತಡೆಯೇ ಇಲ್ಲದೆ ತೊಡೆಮೂಳೆಯ ಉದ್ದನೆಯ ಕಾಂಡ ಒಳಕ್ಕೆ ಜರುಗುತ್ತದೆ, ಗುಂಡು ಹೊರಕ್ಕೆ ಕುಸಿಯುತ್ತದೆ. ಪ್ಲೇಟ್ ಕೈಬಿಟ್ಟು ಮೂಳೆಯ ಪೊಳ್ಳಿನೊಳಗೆ ಕೂರುವ ನೇಲ್ ಆರಿಸಿದ್ದು ಈ ಅಳತೆಯಿಂದ. ಬೆಲೆಯ ವ್ಯತ್ಯಾಸವನ್ನು ಮನೆಯವರಿಗೆ ಇದೇ ಚಿತ್ರ ತೋರಿಸಿ ವಿವರಿಸಲಾಯಿತು. ಸ್ಥಿರವಾದ ಎ1 ಮುರಿತವಾಗಿದ್ದರೆ ಡಿಎಚ್‌ಎಸ್ ಸಾಕಾಗುತ್ತಿತ್ತು. ಅಂಥ ಮುರಿತಕ್ಕೆ ದುಬಾರಿ ನೇಲ್ ಬೇಕೇ ಬೇಕು ಎನ್ನುವುದು ಸರಿಯಲ್ಲ.

ಆಪರೇಷನ್‌ಗೆ ಮುಂಚಿನ 30 ಗಂಟೆ

"ಡಾಕ್ಟ್ರೇ, ಈ ವಯಸ್ಸಲ್ಲಿ ಅಮ್ಮ ಆಪರೇಷನ್ ತಡ್ಕೋತಾರಾ?" ಎಂದು ಮಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ತೂಗಬೇಕಾದ್ದು ಆಪರೇಷನ್ ಇಲ್ಲದೆ ಆರರಿಂದ ಎಂಟು ವಾರ ಮಲಗಿಯೇ ಇರುವುದನ್ನು ತಡೆದುಕೊಳ್ಳುತ್ತಾರೆಯೇ ಎಂಬುದನ್ನು. ಬೆನ್ನ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು ಎಲ್ಲವೂ ಆ ಹಾಸಿಗೆಯಲ್ಲಿ ಕಾದಿರುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಒಂದು ವರ್ಷದೊಳಗಿನ ಸಾವು ಹಲವು ದೇಶಗಳ ಲೆಕ್ಕದಲ್ಲಿ ಶೇ. 20ರಿಂದ 30ರಷ್ಟಿದೆ ಎಂಬುದನ್ನೂ ಮುಚ್ಚಿಡದೆ ಹೇಳಲಾಯಿತು.

ಔಷಧಿ ಪಟ್ಟಿಯಲ್ಲಿ ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಕ್ಲೋರ್‌ಥಾಲಿಡೋನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಜೊತೆಗೆ ರಕ್ತ ಹೆಪ್ಪುಗಟ್ಟದಿರಲು 75 ಮಿ.ಗ್ರಾಂ. ಆಸ್ಪಿರಿನ್ ಇದ್ದವು. ಸೋಡಿಯಂ 128 (ಕಡಿಮೆ), ಹಿಮೋಗ್ಲೋಬಿನ್ 11.2, ಕ್ರಿಯಾಟಿನಿನ್ 0.9. ಕ್ಲೋರ್‌ಥಾಲಿಡೋನ್ ಅದೇ ದಿನ ನಿಂತಿತು. ವಯಸ್ಸಾದವರಲ್ಲಿ ಸೋಡಿಯಂ ಇಳಿಸುವ ಔಷಧಿಗಳಲ್ಲಿ ಇದು ಮುಂದಿದೆ, ಸೋಡಿಯಂ ಇಳಿದವರು ತೂರಾಡಿ ಬೀಳುವುದೂ ಹೆಚ್ಚು. ಇಲ್ಲಿ ಜಾರಿದ್ದಕ್ಕೆ ಮೆಟ್ಟಿಲೊಂದನ್ನೇ ದೂರುವಂತಿಲ್ಲ. ಡಾಪಾಗ್ಲಿಫ್ಲೋಜಿನ್ ನಿಲ್ಲಿಸಿ ರಕ್ತದ ಕೀಟೋನ್ ನೋಡಲಾಯಿತು. ಉಪವಾಸದಲ್ಲಿರುವ ರೋಗಿಗೆ ಈ ಗುಂಪಿನ ಮಾತ್ರೆಯಿಂದ ಸಕ್ಕರೆ ಹೆಚ್ಚಾಗದೆಯೂ, ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಗ್ಲುಕೋಮೀಟರ್ ಅಂಕಿ ಚೆನ್ನಾಗಿದೆ ಎಂದು ಸುಮ್ಮನಿದ್ದರೆ ತಪ್ಪಿಹೋಗುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಇಲ್ಲಿ ಅಷ್ಟು ಕಾಯದೆ ಕೀಟೋನ್ ಮೇಲೆ ಕಣ್ಣಿಟ್ಟು ಮುಂದುವರಿಯಬೇಕು. ಆಸ್ಪಿರಿನ್‌ಗಾಗಿ ಮುಂದೂಡುವ ಅಗತ್ಯವಿಲ್ಲ.

ಎದೆಯಲ್ಲಿ ಒಂದು ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಿತು. ಸಾಮಾನ್ಯವಾಗಿ ದಿನ ಕಳೆದುಹೋಗುವುದು ಇಂಥಲ್ಲೇ: ಎಕೋ ನಾಳೆ, ಹೃದ್ರೋಗ ತಜ್ಞರು ನಾಡಿದ್ದು, ನಡುವೆ ಭಾನುವಾರ. ಹಾಸಿಗೆಯ ಬಳಿಯಲ್ಲೇ ಅದೇ ಸಂಜೆ ಎಕೋ ಮಾಡಿ, ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿದೆಯೇ ಎಂಬ ಒಂದೇ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಪಡೆಯಲಾಯಿತು. ಮುಂದೂಡಲು ಒಪ್ಪಬಹುದಾದ ಕಾರಣಗಳು ಕೆಲವೇ: ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ, ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 150ಕ್ಕಿಂತ ಹೆಚ್ಚು, ಪೊಟ್ಯಾಸಿಯಂ 2.8ಕ್ಕಿಂತ ಕಡಿಮೆ ಅಥವಾ 6ಕ್ಕಿಂತ ಹೆಚ್ಚು, ಹತೋಟಿ ತಪ್ಪಿದ ಸಕ್ಕರೆ, ಹೃದಯ ವೈಫಲ್ಯ, ನಿಮಿಷಕ್ಕೆ 120 ಮೀರಿದ ಸರಿಪಡಿಸಬಲ್ಲ ಬಡಿತದ ಏರುಪೇರು, ಸೆಪ್ಸಿಸ್ ಆದ ಎದೆಯ ಸೋಂಕು, ಸರಿಪಡಿಸಬಹುದಾದ ರಕ್ತಸ್ರಾವದ ದೋಷ. 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ 2970 ರೋಗಿಗಳಿದ್ದರು. ಆರು ಗಂಟೆಯಷ್ಟು ಬೇಗ ಮಾಡಿದರೂ ಸುಮಾರು 24 ಗಂಟೆಗೆ ಮಾಡಿದರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಬೇಗ ಮಾಡಿದವರಲ್ಲಿ ಗೊಂದಲಸ್ಥಿತಿ ಕಡಿಮೆಯಿತ್ತು. ಅಂದರೆ ಮಧ್ಯರಾತ್ರಿ ಅನುಭವವಿಲ್ಲದ ತಂಡದಿಂದ ಮಾಡಿಸುವ ಧಾವಂತ ಬೇಡ, ಮರುದಿನದ ಮೊದಲ ಕೇಸ್ ಆಗಬೇಕು. ಮೂರನೇ ದಿನಕ್ಕೆ ಜಾರಬಾರದು.

ನೋವಿಗೆ ಅಲ್ಟ್ರಾಸೌಂಡ್ ನೋಡಿಕೊಂಡು, ಸೊಂಟದ ನರಗಳನ್ನು ಮರಗಟ್ಟಿಸುವ ಫೇಶಿಯಾ ಇಲಿಯಾಕಾ ಬ್ಲಾಕನ್ನು 0.2% ರೋಪಿವಕೇನ್ 30 ಮಿ.ಲೀ.ನಿಂದ ಕೊಡಲಾಯಿತು. ತೂಕ 50 ಕೆ.ಜಿ.ಗಿಂತ ಕಡಿಮೆಯಾದ್ದರಿಂದ ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ದಿನಕ್ಕೆ ನಾಲ್ಕು ಬಾರಿ. ಕ್ರಿಯಾಟಿನಿನ್ 0.9 ಎಂದರೆ ಚೆನ್ನಾಗಿದೆ ಅನ್ನಿಸುತ್ತದೆ. ಈ ವಯಸ್ಸು, ಈ ತೂಕ ಹಾಕಿ ಲೆಕ್ಕ ಮಾಡಿದರೆ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಸೋಸುವ ಪ್ರಮಾಣ) ನಿಮಿಷಕ್ಕೆ ಸುಮಾರು 40 ಮಿ.ಲೀ. ಮಾತ್ರ. ಆದ್ದರಿಂದ ಮೂತ್ರಪಿಂಡಕ್ಕೆ ಹೊರೆಯಾಗುವ ಡೈಕ್ಲೋಫೆನಾಕ್ ಮುಟ್ಟಲಿಲ್ಲ. ಸೋಡಿಯಂ ಮತ್ತು ಗೊಂದಲ ಎರಡನ್ನೂ ಕೆಡಿಸುವ ಟ್ರಮಡಾಲ್ ಕೂಡ ಬೇಡವೆನಿಸಿತು. ಕಾಲಿಗೆ ತೂಕ ಕಟ್ಟಿ ಎಳೆಯುವ ಚರ್ಮದ ಟ್ರ್ಯಾಕ್ಷನ್‌ನಿಂದ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮಂಡಿಯ ಕೆಳಗೆ ದಿಂಬು ಇಟ್ಟರು.

ಸೆಟ್ ಬಂದಾಗ ನೋಡಬೇಕಾದ್ದು

ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಇಂಪ್ಲಾಂಟ್ ಸೆಟ್ ಡೀಲರ್ ಕಡೆಯಿಂದ ಆ ಕೇಸ್‌ಗೆಂದು ಬಂದು, ಮುಗಿದ ಮೇಲೆ ವಾಪಸ್ ಹೋಗುತ್ತದೆ. ಹಿಂದಿನ ರಾತ್ರಿಯೇ ತರಿಸಿ, ಬಿಚ್ಚಿ ತೊಳೆದು ಆಟೋಕ್ಲೇವ್‌ಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಟ್ರಾಲಿಯ ಮೇಲೆ ನೇಲನ್ನು ಜಿಗ್‌ಗೆ (ಸ್ಕ್ರೂಗಳ ದಾರಿ ತೋರಿಸುವ ಚೌಕಟ್ಟಿಗೆ) ಬಿಗಿದು, ಸ್ಲೀವ್ ಮೂಲಕ ಡ್ರಿಲ್ ಬಿಟ್ ಹಾಕಿ ಅದು ನೇಲಿನ ಪ್ರತಿ ರಂಧ್ರದೊಳಗೂ ತಾಗದೆ ಹೋಗುತ್ತದೆಯೇ ನೋಡಬೇಕು. ಸವೆದ ಜಿಗ್ ಒಂದೆರಡು ಮಿ.ಮೀ. ತಪ್ಪಿದರೆ ಸಾಕು, ಡ್ರಿಲ್ ನೇಲಿಗೆ ಬಡಿದು ಮೂಳೆಯಲ್ಲಿ ವೃಥಾ ತೂತು ಬೀಳುತ್ತದೆ. ಅಂಥ ತೂತೇ ಮುಂದೆ ಮುರಿತಕ್ಕೆ ದಾರಿ.

ಆರಿಸಿದ್ದು ಪಿಎಫ್‌ಎನ್ ಎಂಬ ನೇಲ್: 180 ಮಿ.ಮೀ. ಉದ್ದ, ಕೆಳಗೆ 10 ಮತ್ತು ಮೇಲೆ 14 ಮಿ.ಮೀ. ದಪ್ಪ, 135 ಡಿಗ್ರಿ ಕೋನ. ಬಲಗಡೆಯ ಸರಿಯಿದ್ದ ಸೊಂಟದಲ್ಲಿ ಕತ್ತು ಮತ್ತು ಕಾಂಡದ ನಡುವಿನ ಕೋನ 133 ಡಿಗ್ರಿ ಇತ್ತು. ಗುಂಡಿನೊಳಗೆ ಎರಡು ಸ್ಕ್ರೂ ಹೋಗುತ್ತವೆ, ಕೆಳಗೆ ಮುಖ್ಯ ಭಾರ ಹೊರುವ 8 ಮಿ.ಮೀ. ಲ್ಯಾಗ್, ಮೇಲೆ ಗುಂಡು ತಿರುಗದಂತೆ ತಡೆಯುವ 6.4 ಮಿ.ಮೀ. ಆಂಟಿ-ರೊಟೇಷನ್. ಕತ್ತಿನ ಅತಿ ಕಿರಿದಾದ ಜಾಗ 29 ಮಿ.ಮೀ. ಇಷ್ಟರಲ್ಲಿ ಎರಡೂ ಹಿಡಿಯಬೇಕಾದರೆ ಲ್ಯಾಗ್ ಸ್ಕ್ರೂ ಕತ್ತಿನ ಕೆಳ ಅಂಚಿಗೆ 3 ಮಿ.ಮೀ. ಹತ್ತಿರ ಸಾಗಬೇಕು ಎಂದು ಎಕ್ಸ್-ರೇ ಮೇಲೆ ಗೆರೆ ಎಳೆದೇ ಗೊತ್ತುಮಾಡಿಕೊಂಡಿದ್ದರು. ಗಿಡ್ಡ ಮೈಕಟ್ಟಿನ ನಮ್ಮ ಹೆಂಗಸರಲ್ಲಿ ಈ ಲೆಕ್ಕ ಮಾಡದೆ ಥಿಯೇಟರ್‌ಗೆ ಹೋದರೆ ಎರಡನೇ ಸ್ಕ್ರೂಗೆ ಜಾಗವೇ ಸಿಗದಿರಬಹುದು.

ಟೇಬಲ್ ಮೇಲೆ

ಕಡಿಮೆ ಪ್ರಮಾಣದ ಸ್ಪೈನಲ್ ಅರಿವಳಿಕೆ, 0.5% ಹೆವಿ ಬುಪಿವಕೇನ್ 1.8 ಮಿ.ಲೀ. ಚರ್ಮ ಕೊಯ್ಯುವ ಅರ್ಧ ಗಂಟೆ ಮೊದಲು ಸೋಂಕು ತಡೆಯಲು ಸೆಫಜೋಲಿನ್ 2 ಗ್ರಾಂ, ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. ಟ್ರ್ಯಾಕ್ಷನ್ ಟೇಬಲ್‌ನ ನಡುಗಂಬಕ್ಕೆ ದಪ್ಪ ಹತ್ತಿ ಸುತ್ತಲಾಯಿತು. ಸುತ್ತದೆ ಎಳೆದರೆ ಪ್ಯುಡೆಂಡಲ್ ನರ ಜಜ್ಜುತ್ತದೆ, ತೆಳುವಾದ ಚರ್ಮ ಸುಲಿಯುತ್ತದೆ. ಬಲಗಾಲನ್ನು ಎತ್ತಿ ಕಟ್ಟದೆ ಅಗಲಿಸಿ ಇಡಲಾಯಿತು.

ಮೊದಲು ಕಾಲನ್ನು ಹೊರಕ್ಕೆ ತಿರುಗಿದ್ದ ಸ್ಥಿತಿಯಲ್ಲೇ ಎಳೆದು ಉದ್ದ ತಂದುಕೊಂಡು, ಆಮೇಲೆ ಒಳಕ್ಕೆ 10ರಿಂದ 15 ಡಿಗ್ರಿ ತಿರುಗಿಸಿ, ಮಂಡಿಚಿಪ್ಪು ಚಾವಣಿ ನೋಡುವಂತೆ ನಿಲ್ಲಿಸಿದರು. ಥಿಯೇಟರ್‌ನೊಳಗಿನ ಎಕ್ಸ್-ರೇ ಯಂತ್ರವಾದ ಸಿ-ಆರ್ಮ್‌ನ ಮುಂಭಾಗದ ಚಿತ್ರ ಬಹಳ ಚೆನ್ನಾಗಿ ಬಂತು. ಟ್ರೋಕ್ಯಾಂಟರ್‌ನ ತುದಿಯೂ ಗುಂಡಿನ ಮಧ್ಯಬಿಂದುವೂ ಒಂದೇ ಮಟ್ಟದಲ್ಲಿದ್ದವು, ಒಳ ಅಂಚು ಸೇರಿತ್ತು. ಅನೇಕ ಕಡೆ ಇಲ್ಲಿಗೇ "ಕೂತಿದೆ" ಎಂದು ಚಾಕು ಕೇಳುತ್ತಾರೆ.

ಪಕ್ಕದ ಚಿತ್ರ ಬೇರೆಯೇ ಹೇಳಿತು. ತೊಡೆಯ ಭಾರಕ್ಕೆ ಕಾಂಡದ ತುಂಡು ಹಿಂದಕ್ಕೆ ಜೋತು ಬಿದ್ದಿತ್ತು. ತೊಡೆಯ ಅಡಿಗೆ ಆಧಾರ ಕೊಟ್ಟು ಮೇಲೆತ್ತಿದಾಗ ಆ ಜೋಲು ಸರಿಹೋಯಿತು, ಆದರೆ ಇನ್ನೊಂದು ದೋಷ ಕಂಡಿತು: ಕತ್ತಿನ ತುಂಡಿನ ಮುಂಗೋಡೆ, ಕಾಂಡದ ಮುಂಗೋಡೆಯ ಹಿಂದಕ್ಕೆ, ಪೊಳ್ಳಿನೊಳಗೆ ಸಿಕ್ಕಿಕೊಂಡಿತ್ತು. ಒಂದು ಗೋಡೆಯ ದಪ್ಪದಷ್ಟೇ ವ್ಯತ್ಯಾಸ. ಸಣ್ಣದೆಂದು ಬಿಡುವ ಆಸೆ ಆಗುತ್ತದೆ, ಬಿಡಬಾರದು. ಈ ಮುರಿತದಲ್ಲಿ ಹಿಂಭಾಗವೂ ಒಳಮಗ್ಗುಲೂ ಆಗಲೇ ಪುಡಿಯಾಗಿವೆ. ಉಳಿದಿರುವ ಒಂದೇ ಗಟ್ಟಿ ಆಧಾರ ಮುಂಭಾಗದ ಒಳಮೂಲೆ. ರೋಗಿ ನಿಂತು ನಡೆದಾಗ ಕತ್ತು ಸ್ವಲ್ಪ ಜಾರಿ ಕುಗ್ಗುವುದು ಖಚಿತ. ಕತ್ತಿನ ಅಂಚು ಕಾಂಡದ ಅಂಚಿನ ಮೇಲೆ ಅಥವಾ ಕೂದಲಷ್ಟು ಹೊರಗಿದ್ದರೆ ಜಾರುತ್ತ ಬಂದು ಅಲ್ಲಿ ಕೂತುಕೊಳ್ಳುತ್ತದೆ. ಒಳಗಿದ್ದರೆ ತಡೆಯುವುದಕ್ಕೆ ಏನೂ ಇಲ್ಲದೆ ಜಾರುತ್ತಲೇ ಹೋಗುತ್ತದೆ, ಕೊನೆಗೆ ಸ್ಕ್ರೂ ಒಂದೇ ಇಡೀ ಭಾರ ಹೊರುತ್ತದೆ. ಸವೆದ ಮೂಳೆಯಲ್ಲಿ ಸ್ಕ್ರೂ ಅದನ್ನು ಹೊರಲಾರದು, ಗುಂಡನ್ನು ಸೀಳಿಕೊಂಡು ಮೇಲೆ ಬರುತ್ತದೆ.

ಹೀಗೆ ಸಿಕ್ಕಿಕೊಂಡದ್ದು ಎಷ್ಟು ಎಳೆದರೂ ಬಿಡುವುದಿಲ್ಲ, ಹೆಚ್ಚು ಎಳೆದಷ್ಟೂ ಮುಂಭಾಗದ ಪೊರೆ ಬಿಗಿದು ಇನ್ನಷ್ಟು ಹಿಡಿಯುತ್ತದೆ. ತೊಡೆಯ ಮುಂಭಾಗದಲ್ಲಿ, ತೊಡೆಯ ಮುಖ್ಯ ರಕ್ತನಾಳದಿಂದ ಸಾಕಷ್ಟು ಹೊರಗೆ, 2 ಸೆಂ.ಮೀ. ಕೊಯ್ದು, ಸ್ನಾಯುವನ್ನು ಮೊಂಡಾಗಿ ಬಿಡಿಸಿ, ಎಲಿವೇಟರ್ ಎಂಬ ಕಿರಿದಾದ ಚಪ್ಪಟೆ ಉಪಕರಣವನ್ನು ಎರಡು ಗೋಡೆಗಳ ನಡುವೆ ತೂರಿಸಿ ಎಳೆತ ತುಸು ಸಡಿಲಿಸಿದರು. ಸನ್ನೆಯಂತೆ ಮೀಟಿದಾಗ ಕತ್ತಿನ ತುಂಡು ಮುಂದಕ್ಕೆ ಬಂದು ಕೂತಿತು. ಮತ್ತೆ ಜಾರದಂತೆ ಕತ್ತಿನ ಮುಂಭಾಗದಲ್ಲಿ, ನೇಲಿನ ದಾರಿಗೆ ಅಡ್ಡ ಬರದ ಹಾಗೆ, ಒಂದು 2.5 ಮಿ.ಮೀ. ವೈರ್ ಹೊಡೆದು ಗುಂಡಿನೊಳಗೆ ಊರಲಾಯಿತು. ಇಷ್ಟಕ್ಕೆ 20 ನಿಮಿಷ ಹಿಡಿಯಿತು. ಇಡೀ ಆಪರೇಷನ್‌ನಲ್ಲಿ ಇದಕ್ಕಿಂತ ಬೆಲೆಬಾಳುವ 20 ನಿಮಿಷ ಇರಲಿಲ್ಲ.

ನೇಲಿನ ಪ್ರವೇಶಕ್ಕೆ ಟ್ರೋಕ್ಯಾಂಟರ್‌ನಿಂದ 4 ಸೆಂ.ಮೀ. ಮೇಲೆ ಕೊಯ್ದು, ತುದಿಗಿಂತ ತುಸು ಒಳಗೆ ದಾರಿ ತೋರುವ ತಂತಿ (ಗೈಡ್ ವೈರ್) ಇಟ್ಟರು. 14 ಮಿ.ಮೀ. ರೀಮರ್ ಹೋದ ಮೇಲೆ ಕೈಯಿಂದಲೇ ನೇಲ್ ಇಳಿಸಿ ಚಿತ್ರ ತೆಗೆದಾಗ ಟ್ರೋಕ್ಯಾಂಟರ್‌ನ ತುದಿ ಗುಂಡಿನ ಮಧ್ಯಕ್ಕಿಂತ ಮೇಲೆ ಬಂದಿತ್ತು. ಸುಮಾರು 8 ಡಿಗ್ರಿ ವೇರಸ್, ಅಂದರೆ ಕತ್ತು ಕೆಳಕ್ಕೆ ವಾಲಿ ಕೋನ ಅಷ್ಟು ಕಿರಿದಾಗಿತ್ತು. ವೈರ್ ಹಿಡಿದಿದ್ದರೂ ಹೀಗೇಕಾಯಿತು? ಮುರಿತದ ಗೆರೆ ಪ್ರವೇಶದ ಜಾಗದಲ್ಲೇ ಹಾದುಹೋಗಿತ್ತು. ಅಂಥಲ್ಲಿ ರೀಮರ್ ಮೂಳೆಯನ್ನು ಕೊರೆಯುವ ಬದಲು ಎರಡು ತುಂಡುಗಳ ನಡುವೆ ಸೌದೆಗೆ ಹೊಡೆದ ಬೆಣೆಯಂತೆ ನುಗ್ಗಿ, ಟ್ರೋಕ್ಯಾಂಟರನ್ನು ಹೊರಕ್ಕೂ ಕತ್ತನ್ನು ಒಳಕ್ಕೂ ತಳ್ಳುತ್ತದೆ. ನೇಲ್ ಆ ಬಿರುಕಿನಲ್ಲಿ ಕೂರುತ್ತದೆ.

ಇಲ್ಲಿ ಎರಡು ದಾರಿ. ನೇಲ್ ಕೂತಿದೆ, ಸ್ಕ್ರೂಗಳನ್ನು ಹಾಕಿ ಮುಗಿಸುವುದು ಒಂದು. ಹೊರತೆಗೆದು ಮತ್ತೆ ಮಾಡುವುದು ಇನ್ನೊಂದು. ನೇಲ್ ತಾನು ಹೋದ ಮೇಲೆ ಮೂಳೆಯನ್ನು ಸರಿಯಾಗಿ ಕೂರಿಸಿಕೊಡುವುದಿಲ್ಲ, ಕೂತ ಹಾಗೆ ಹಿಡಿದಿಡುತ್ತದೆ ಅಷ್ಟೆ. ವೇರಸ್‌ನಲ್ಲಿ ಹಿಡಿದಿಟ್ಟರೆ ಸ್ಕ್ರೂ ಗುಂಡಿನ ಮೇಲ್ಭಾಗಕ್ಕೆ ಹೋಗುತ್ತದೆ, ಭಾರದ ಕೈ ಉದ್ದವಾಗುತ್ತದೆ, ಎರಡು ಸ್ಕ್ರೂಗಳಲ್ಲಿ ಮೇಲಿನದು ಕೀಲಿನೊಳಕ್ಕೂ ಕೆಳಗಿನದು ಹೊರಕ್ಕೂ ಸರಿಯುವ ಜೆಡ್ ಎಫೆಕ್ಟ್‌ಗೆ ಎಡೆಯಾಗುತ್ತದೆ. ನೇಲನ್ನು ಹೊರತೆಗೆದರು. ಪ್ರವೇಶವನ್ನು 3 ಮಿ.ಮೀ. ಒಳಕ್ಕೆ ಸರಿಸಿ, ಸಹಾಯಕರು ಮೊನೆಯಿರುವ ಒತ್ತುಗೋಲಿನಿಂದ (ಪುಷರ್) ಟ್ರೋಕ್ಯಾಂಟರನ್ನು ಹೊರಗಿನಿಂದ ಒತ್ತಿ ಹಿಡಿದರು. ರೀಮರ್‌ಗೆ ಮೊದಲೇ ಪೂರ್ಣ ವೇಗ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸಿದರು. ತಿರುಗದೆ ಒತ್ತಿದ ರೀಮರ್ ಬೆಣೆಯಾಗುತ್ತದೆ, ತಿರುಗುತ್ತ ಇಳಿದದ್ದು ಕೊರೆಯುತ್ತದೆ. ಈ ಸಲ ಕೋನ 134 ಡಿಗ್ರಿ ನಿಂತಿತು.

ಲ್ಯಾಗ್ ಸ್ಕ್ರೂನ ಗೈಡ್ ವೈರ್ ಮುಂಭಾಗದ ಚಿತ್ರದಲ್ಲಿ ಕೆಳ ಅಂಚಿಗೆ ಹತ್ತಿರ, ಪಕ್ಕದ ಚಿತ್ರದಲ್ಲಿ ನಟ್ಟನಡುವೆ. ಮೊದಲ ಬಾರಿ ಪಕ್ಕದಲ್ಲಿ ತುಸು ಹಿಂದಕ್ಕೆ ಹೋಗಿತ್ತು, ಜಿಗ್‌ನ ಹಿಡಿ ಕೆಳಗೆ ಜಗ್ಗಿದ್ದು ಕಾರಣ. ಹಿಡಿ ಎತ್ತಿ ಮತ್ತೆ ಹಾಕಿದರು. ಆಮೇಲೆ ಮೇಲಿನ ವೈರ್. ಎಡ ಸೊಂಟದಲ್ಲಿ ಈ ಕ್ರಮಕ್ಕೆ ಇನ್ನೊಂದು ಕಾರಣವಿದೆ. ಸ್ಕ್ರೂ ಬಿಗಿಯುವುದು ಗಡಿಯಾರದ ದಿಕ್ಕಿನಲ್ಲಿ. ಆ ತಿರುಚು ಎಡಗಡೆಯ ಅಸ್ಥಿರ ಮುರಿತದಲ್ಲಿ ಗುಂಡನ್ನು ಮುಂಭಾಗ ತೆರೆದುಕೊಳ್ಳುವಂತೆ ತಿರುಗಿಸಬಲ್ಲದು. ಮೇಲಿನ ವೈರ್ ಗಟ್ಟಿಯಾಗಿ ಕೂತ ಮೇಲೆಯೇ ಲ್ಯಾಗ್‌ಗೆ ಕೊರೆಯಬೇಕು. ಕೊರೆಯುವಾಗ ಆಗಾಗ ಚಿತ್ರ ತೆಗೆಯಲೇಬೇಕು. ರೀಮರ್‌ಗೆ ಸಿಕ್ಕಿದ ವೈರ್ ಅರಿವಿಲ್ಲದೆ ಮುಂದೆ ಸಾಗಿ ಕೀಲು ದಾಟಿ ಹೊಟ್ಟೆಯ ಕೆಳಭಾಗಕ್ಕೆ ಹೋಗಬಹುದು.

ಲ್ಯಾಗ್ 85 ಮಿ.ಮೀ., ಆಂಟಿ-ರೊಟೇಷನ್ 75 ಮಿ.ಮೀ. ಮೇಲಿನದು 10 ಮಿ.ಮೀ. ಗಿಡ್ಡವಿರಬೇಕು, ಸಮ ಉದ್ದವಾದರೆ ಭಾರ ಮೇಲಿನ ಸಣ್ಣ ಸ್ಕ್ರೂ ಮೇಲೆ ಬೀಳುತ್ತದೆ. ಲ್ಯಾಗ್‌ನ ತುದಿಯಿಂದ ಗುಂಡಿನ ಶಿಖರಕ್ಕೆ ಮುಂಭಾಗದಲ್ಲಿ 13, ಪಕ್ಕದಲ್ಲಿ 7 ಮಿ.ಮೀ., ಒಟ್ಟು 20. ಪರದೆಯ ಮೇಲಿನ ಅಳತೆಯನ್ನು ಹಾಗೇ ತೆಗೆದುಕೊಳ್ಳಬಾರದು. ಅದೇ ಚಿತ್ರದಲ್ಲಿ 8 ಮಿ.ಮೀ. ಸ್ಕ್ರೂ ಎಷ್ಟು ದಪ್ಪ ಕಾಣುತ್ತದೆ ಎಂದು ನೋಡಿ ಆ ಅನುಪಾತದಲ್ಲಿ ಇಳಿಸಬೇಕು. 1995ರಲ್ಲಿ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು 198 ಮುರಿತಗಳಲ್ಲಿ ಈ ಮೊತ್ತವನ್ನು ಅಳೆದರು. 25 ಅಥವಾ ಅದಕ್ಕಿಂತ ಕಡಿಮೆಯಿದ್ದ 120 ಸ್ಕ್ರೂಗಳಲ್ಲಿ ಒಂದೂ ಗುಂಡನ್ನು ಸೀಳಿ ಬರಲಿಲ್ಲ. ಆ ಅಂಕಿಯನ್ನು ಎಲ್ಲರೂ ಬಲ್ಲರು. ಆದರೆ ಕೆಟ್ಟದಾಗಿ ಕೂತ ಮೂಳೆಯಲ್ಲಿ 20 ಬಂದರೂ ಅದು ರಕ್ಷಿಸುವುದಿಲ್ಲ.

ಕೊನೆಯಲ್ಲಿ ಎಳೆತ ಪೂರ್ತಿ ಬಿಟ್ಟು, ಮುರಿತವನ್ನು ಒತ್ತಿ ಸೇರಿಸಿ, ಆಮೇಲೆ ನೇಲನ್ನು ಕಾಂಡಕ್ಕೆ ಲಾಕ್ ಮಾಡುವ ಕೆಳಗಿನ 4.9 ಮಿ.ಮೀ. ಬೋಲ್ಟ್. ಎಳೆತ ಬಿಡದೆ ಲಾಕ್ ಮಾಡಿದರೆ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ತಾತ್ಕಾಲಿಕ ವೈರ್ ತೆಗೆದದ್ದನ್ನು ಎಣಿಸಿ, ನೇಲ್ ಮತ್ತು ಸ್ಕ್ರೂಗಳ ಲಾಟ್ ನಂಬರ್ ಸ್ಟಿಕರ್‌ಗಳನ್ನು ಫೈಲಿಗೆ ಅಂಟಿಸಲಾಯಿತು. ಒಟ್ಟು 95 ನಿಮಿಷ.

ವಾರ್ಡ್‌ನಲ್ಲಿ ಮತ್ತು ಮನೆಯಲ್ಲಿ

ಮರುದಿನ ಹಿಮೋಗ್ಲೋಬಿನ್ 7.8. ಕೊಯ್ದ ಜಾಗದಲ್ಲಿ ಹೋದ ರಕ್ತ ಕಡಿಮೆ, ಮುರಿತದಿಂದ ತೊಡೆಯೊಳಗೆ ಇಳಿದದ್ದೇ ಹೆಚ್ಚು. ಒಂದು ಯೂನಿಟ್ ಕೊಟ್ಟರು. ಅದೇ ದಿನ ಮಧ್ಯಾಹ್ನ ವಾಕರ್ ಹಿಡಿಸಿ ನಿಲ್ಲಿಸಿದರು. "ಕಾಲು ಊರಬಹುದಾ?" ಎಂದು ಅವರೇ ಕೇಳಿದರು. ನೋವು ಬಿಟ್ಟಷ್ಟು ಊರಬೇಕು. ಊರಬೇಡಿ ಎಂದರೆ 74ರ ವಯಸ್ಸಿನಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸಲು ಯಾರಿಗೂ ಆಗದು, ಮತ್ತೆ ಹಾಸಿಗೆಯೇ ಗತಿ.

ಎರಡನೇ ರಾತ್ರಿ ಗೊಂದಲ ಶುರುವಾಯಿತು. ಗೋಡೆಯ ಮೇಲೆ ಹಸು ಕಾಣುತ್ತಿದೆ ಅಂದರು. ಸೋಡಿಯಂ 131, ಸೋಂಕಿಲ್ಲ. ಕ್ಯಾತಿಟರ್ ತೆಗೆದು, ಕನ್ನಡಕ ಹಾಕಿಸಿ, ಮಗಳನ್ನು ರಾತ್ರಿ ಪಕ್ಕದಲ್ಲೇ ಕೂರಿಸಿ, ಕಿಟಕಿ ಕಡೆಯ ಹಾಸಿಗೆಗೆ ಬದಲಿಸಿದರು. ಮೂರು ದಿನದಲ್ಲಿ ತಿಳಿಯಾಯಿತು. ರಕ್ತ ಹೆಪ್ಪುಗಟ್ಟದಂತೆ ಎನಾಕ್ಸಪರಿನ್ 40 ಮಿ.ಗ್ರಾಂ. ದಿನಕ್ಕೊಮ್ಮೆ 28 ದಿನ. ಆರನೇ ದಿನ ಮನೆಗೆ, 14ನೇ ದಿನ ಹೊಲಿಗೆ ತೆಗೆದದ್ದು.

ಮನೆಯವರಿಗೆ ಒಂದು ಗೊಂದಲವಿತ್ತು. ಗುಂಡು ಬದಲಿಸಿಕೊಂಡ ಸಂಬಂಧಿಕರೊಬ್ಬರಿಗೆ ಚಕ್ಕಳಮಕ್ಕಳ ಹಾಕಬೇಡಿ ಅಂದಿದ್ದರಂತೆ. ಅಲ್ಲಿ ಕೀಲು ಜಾರುವ ಭಯ. ನೇಲ್ ಹಾಕಿದವರಿಗೆ ಆ ಭಯವಿಲ್ಲ. ಮೂಳೆ ಕೂಡಿದ ಮೇಲೆ, ಶಕ್ತಿ ಬಂದಂತೆ ನೆಲದ ಮೇಲೂ ಕೂರಬಹುದು. ಅಲ್ಲಿಯವರೆಗೆ ಕಮೋಡ್ ಕುರ್ಚಿ, ರಾತ್ರಿ ಬಾತ್‌ರೂಂವರೆಗೂ ದೀಪ, ಗೋಡೆಗೆ ಹಿಡಿ.

ಮುರಿತವೇ ಆಸ್ಟಿಯೋಪೊರೋಸಿಸ್‌ಗೆ (ಮೂಳೆ ಸವೆತಕ್ಕೆ) ಸಾಕ್ಷಿ, ಚಿಕಿತ್ಸೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕಾಯಬೇಕಿಲ್ಲ. ವಿಟಮಿನ್ ಡಿ 14 ಇತ್ತು. ವಾರಕ್ಕೆ 60,000 ಯೂನಿಟ್, ಎಂಟು ವಾರ. ಅದು ಮುಗಿದು ಕ್ಯಾಲ್ಸಿಯಂ ಸರಿಯಿದೆ ಎಂದು ಖಚಿತವಾದ ಮೇಲೆ ಮೂಳೆ ಸವೆತ ತಡೆಯುವ ಜೋಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ. ಡ್ರಿಪ್. ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ. ಇವರದು 40ರ ಆಸುಪಾಸು, ಆದ್ದರಿಂದ ಮತ್ತೆ ಪರೀಕ್ಷಿಸಿ, ಚೆನ್ನಾಗಿ ನೀರು ಕುಡಿಸಿ, 30 ನಿಮಿಷದಲ್ಲಿ ನಿಧಾನವಾಗಿ ಹರಿಸಿದರು. ಸೊಂಟ ಮುರಿದವರಿಗೆ 90 ದಿನದೊಳಗೆ ಇದನ್ನು ಕೊಟ್ಟು ನೋಡಿದ 2007ರ ಹೊರೈಜನ್ ಅಧ್ಯಯನದಲ್ಲಿ ಹೊಸ ಮುರಿತಗಳಷ್ಟೇ ಅಲ್ಲ, ಸಾವೂ ಕಡಿಮೆಯಾಗಿತ್ತು. ನಮ್ಮಲ್ಲಿ ಹೊಲಿಗೆ ತೆಗೆದ ದಿನವೇ ಫೈಲ್ ಮುಚ್ಚುವುದು ರೂಢಿ, ಈ ಡ್ರಿಪ್ ಎಷ್ಟೋ ಜನರಿಗೆ ಸಿಗುವುದೇ ಇಲ್ಲ. ಇನ್ನೊಂದು ಸೊಂಟ ಮುರಿದು ಅವರೇ ಮತ್ತೆ ಬರುವುದನ್ನು ನೋಡುವುದು ಬಹಳ ಸಂಕಟದ ವಿಷಯ.

ಆರನೇ ವಾರದ ಎಕ್ಸ್-ರೇಯಲ್ಲಿ ಲ್ಯಾಗ್ ಸ್ಕ್ರೂ 5 ಮಿ.ಮೀ. ಹೊರಕ್ಕೆ ಜಾರಿತ್ತು. ಮುಂಗೋಡೆಯ ಅಂಚು ಕಾಂಡದ ಅಂಚಿನ ಮೇಲೆ ಬಂದು ನಿಂತಿತ್ತು. ಕೋನ 132 ಡಿಗ್ರಿ. ಹನ್ನೆರಡನೇ ವಾರದಲ್ಲೂ ಜಾರಿಕೆ ಅದೇ 5 ಮಿ.ಮೀ.ನಲ್ಲಿತ್ತು, ಮುರಿತದ ಗೆರೆ ಮಾಸಿತ್ತು. ಕಾಲು 6 ಮಿ.ಮೀ. ಗಿಡ್ಡ, ಚಪ್ಪಲಿಗೆ ಎತ್ತರ ಬೇಕಾಗಲಿಲ್ಲ. ಸೊಂಟದ ಹೊರಸ್ನಾಯು ಇನ್ನೂ ದುರ್ಬಲವಾಗಿದ್ದು ನಡಿಗೆಯಲ್ಲಿ ಸ್ವಲ್ಪ ವಾಲು ಇದೆ. ಬಲಮಗ್ಗುಲಿಗೆ ಮಲಗಿ ಎಡಗಾಲು ಎತ್ತುವ ವ್ಯಾಯಾಮ ದಿನಕ್ಕೆ ಮೂರು ಬಾರಿ ನಡೆದಿದೆ. ಆರನೇ ತಿಂಗಳಲ್ಲಿ ಬಲಗೈಯಲ್ಲಿ ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಮೆಟ್ಟಿಲ ಗ್ರಾನೈಟ್‌ಗೆ ತರಿ ಪಟ್ಟಿ ಅಂಟಿಸಿದ್ದಾರೆ, ರಂಗೋಲಿಯನ್ನು ನೆಲ ಒಣಗಿದ ಮೇಲೆ ಎತ್ತರದ ಸ್ಟೂಲಿನಲ್ಲಿ ಕೂತು ಹಾಕುತ್ತಾರೆ. ಜೋಲೆಡ್ರೋನಿಕ್ ಆಸಿಡ್‌ನ ಎರಡನೇ ಡ್ರಿಪ್, ಮೊದಲನೆಯದನ್ನು ಕೊಟ್ಟು ಒಂದು ವರ್ಷವಾದ ಮೇಲೆ. ಅದರ ತಾರೀಖನ್ನು ಮಗಳ ಮೊಬೈಲಿನಲ್ಲೂ ಅಡುಗೆಮನೆಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿಸಲಾಗಿದೆ.